ಘಟಸರ್ಪ ಮೂಸಿ ಬಿಟ್ಟ ಗಂಡ

ನನ್ನ ಹೆಂಡತಿ ಸುಳ್ಳು ಬರೆದು ಬದುಕುತ್ತಾಳೆ. ನಾನು ನಿಜ ಬರೆದು ಅವಳ ಆಸರೆಯಲ್ಲಿ ಬದುಕುತ್ತೇನೆ. ಲೋಕದ ನ್ಯಾಯ ಎಲ್ಲಿಗೆ ಬಂದು ಮುಟ್ಟಿದೆ ಎಂದು ತಿಳಿಯಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಸುಳ್ಳು ಎಂದರೆ ಸಣ್ಣಪುಟ್ಟ ಸುಳ್ಳಲ್ಲ. 'ಇದೋ, ದಾರಿಯಲ್ಲಿದ್ದೇನೆ' ಎಂದು ಮನೆಯಲ್ಲೇ ಕೂತು ಹೇಳುವ, 'ನಿನ್ನೆ ತಾನೇ ನಿಮ್ಮನ್ನು ನೆನೆಸಿಕೊಂಡೆ' ಎನ್ನುವ ಗೃಹಸ್ಥ ಸುಳ್ಳುಗಳನ್ನು ನಾನೂ ಹೇಳುತ್ತೇನೆ. ಇವಳದು ಸಗಟು ವ್ಯಾಪಾರ. ಏಳು ರಾಜ್ಯ, ಮೂರು ಚಂದ್ರ, ಮಾತಾಡುವ ಬಾವಿ, ರೆಕ್ಕೆ ಇರುವ, ಬೆಂಕಿ ಉಗುಳುವ ಘಟಸರ್ಪ. (ಡ್ರ್ಯಾಗನ್ ಎನ್ನಕೂಡದು. 'ಅದು ಹಣ್ಣಿನಂಗಡಿಯಲ್ಲಿ ಸಿಗುತ್ತೆ' ಎನ್ನುತ್ತಾಳೆ.) ಇಂಥ ಅದ್ಭುತ ಕಾದಂಬರಿಗಳನ್ನು ಆರು ಬರೆದಿದ್ದಾಳೆ. ಆರನ್ನೂ ಜನ ಕೊಂಡು ಓದಿ, ಇನ್ನೊಂದು ಪ್ರತಿ ಕೊಂಡು ನೆಂಟರಿಗೆ ಕೊಡುತ್ತಾರೆ. ನಾನು ಹದಿನಾಲ್ಕು ವರ್ಷದಿಂದ ಒಂದು ವಾರಪತ್ರಿಕೆಯಲ್ಲಿ ವಾರಕ್ಕೊಮ್ಮೆ ಅನ್ಯಾಯದ ಜುಟ್ಟು ಹಿಡಿದು ಜಗ್ಗುತ್ತಿದ್ದೇನೆ. ಆ ಪುಟವನ್ನು ನನ್ನ ಅತ್ತೆ, ಅಂದರೆ ನಮ್ಮೊಡನೆ ಇರುವ ಹೆಂಡತಿಯ ತಾಯಿ, ಅಡುಗೆಮನೆಯ ಕಪಾಟಿನಲ್ಲಿ ಡಬ್ಬಗಳ ಕೆಳಗೆ ಹಾಸುತ್ತಾರೆ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಅತ್ತೆ, ಹಾಸೋಕೆ ಬೇರೆ ಪುಟ ಇಲ್ವಾ?"

"ಇದಾವೆ. ಅವನ್ನ ಇನ್ನೂ ಓದಿಲ್ಲ."

ನಾನು ಶಾಲೆಗೆ ಹೋದದ್ದು ಏಳನೆಯ ತರಗತಿಯವರೆಗೆ. ಆಮೇಲಿನ ವಿದ್ಯೆಯನ್ನೆಲ್ಲ ಒಂದು ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತ, ಅಕ್ಷರಗಳನ್ನು ತಲೆಕೆಳಗಾಗಿ ಓದುತ್ತ ಕಲಿತೆ. (ಲೋಕ ನನಗೆ ಇಂದಿಗೂ ತಲೆಕೆಳಗಾಗಿ ಕಾಣುವುದಕ್ಕೆ ಅದೇ ಕಾರಣ ಎಂದು ಹೆಂಡತಿ, ಲೋಕ ಇರುವುದೇ ಹಾಗೆ ಎಂದು ನಾನು.) ಅಲ್ಲಿದ್ದ ಮುದುಕ ಮೇಸ್ತ್ರಿ ಮೊದಲ ದಿನವೇ ಕಿವಿ ಹಿಂಡಿ ಒಂದು ಮಾತು ಹೇಳಿದ್ದರು. "ಕಾಪಿಯಲ್ಲಿ ಕತ್ತೆ ಅಂತ ಇದ್ರೆ ಕತ್ತೇನೇ ಜೋಡಿಸು. ಕುದುರೆ ಇರಬೇಕಿತ್ತು ಅಂತ ನಿನಗೆ ಎಷ್ಟೇ ಅನ್ನಿಸಲಿ, ಮೊಳೆ ಮುಟ್ಟಬೇಡ. ಕತ್ತೆ ಬರೆದ ಪಾಪ ಬರೆದೋನಿಗೆ. ಅದನ್ನ ಕುದುರೆ ಮಾಡಿದ ಪಾಪ ನಿನಗೆ." ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಅದ್ಭುತ ಕಾದಂಬರಿಕಾರ್ತಿಯ ಮನೆ ಎಂದರೆ ಮೋಡದ ಮೇಲೆ ತೇಲುತ್ತಿರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ತೇಲುವುದಿಲ್ಲ, ಅಳೆದು ತೂಗುತ್ತದೆ. ನಮ್ಮ ಫ್ರಿಜ್ಜಿನ ಬಾಗಿಲಿಗೆ ಏಳು ರಾಜ್ಯಗಳ ನಕ್ಷೆ ಅಂಟಿಸಿದೆ. ಹಾಲು ಬೇಕಾದವರು ಉತ್ತರದ ಹಿಮಪರ್ವತ ಹಿಡಿದು ಎಳೆಯಬೇಕು. ಅತ್ತೆಯ ಮಾತ್ರೆ ಚೀಟಿಗಳಿಂದ ರಾಜಮನೆತನದ ಹೆಸರುಗಳು ಹುಟ್ಟುತ್ತವೆ. ಯುವರಾಣಿ ಅಮ್ಲೋದಿಪಾ ರಕ್ತದೊತ್ತಡದ ಮಾತ್ರೆ. ಅವಳನ್ನು ಕದ್ದೊಯ್ದ ಖಳನು ಅತ್ತೆಯ ಹೊಟ್ಟೆಯುರಿಯ ಮಾತ್ರೆ. ಹೆಂಡತಿ ಪ್ಯಾಸೇಜಿನಲ್ಲಿ ದಾಪುಗಾಲು ಹಾಕಿ ಹಾಕಿ ಘಟಸರ್ಪದ ಒಂದು ಹೆಜ್ಜೆಗೆ ನಮ್ಮ ಮನೆ ಎಷ್ಟು ಎಂದು ಅಳೆಯುತ್ತಾಳೆ. (ಅರ್ಧ. ಬಚ್ಚಲು ಸೇರಿಸಿದರೆ ಮುಕ್ಕಾಲು.) ಒಮ್ಮೆ ದನದ ಡಾಕ್ಟರಿಗೆ ಫೋನು ಮಾಡಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

"ಡಾಕ್ಟ್ರೇ, ಮೂವತ್ತು ಟನ್ ತೂಕದ ಪ್ರಾಣಿಗೆ ಹೊಟ್ಟೆ ಉಬ್ಬರಿಸಿದ್ರೆ ಏನು ಕೊಡಬೇಕು?"

"ಮೇವು ಏನು ಹಾಕ್ತೀರಿ?"

"ಸೈನಿಕರನ್ನ."

ಡಾಕ್ಟರು ಗಂಭೀರವಾಗಿ, "ಕವಚ ಬಿಚ್ಚಿಸಿ ಕೊಡ್ತೀರೋ, ಕವಚದ ಸಮೇತಾನೋ?" ಎಂದರು. ಅವರೂ ಇವಳ ಓದುಗರೆಂದು ಆಮೇಲೆ ತಿಳಿಯಿತು. ಎರಡು ಕಾಲಿನ ರೋಗಿಗಳ ಡಾಕ್ಟರುಗಳ ಸುಲಿಗೆಯ ಬಗ್ಗೆ ನಾನು ಬರೆದ ಐದು ಕಂತುಗಳನ್ನು ಒಬ್ಬ ಡಾಕ್ಟರೂ ಓದಿಲ್ಲ.

"ನೀನು ಬರೆಯೋದೆಲ್ಲ ಬರೀ ಸುಳ್ಳು. ಅದಕ್ಕೆ ಇಷ್ಟೊಂದು ಲೆಕ್ಕಾಚಾರ ಯಾಕೆ?" ಎಂದೆ.

"ಸುಳ್ಳು ಬರೆಯೋರಿಗೆ ಲೆಕ್ಕ ತಪ್ಪಬಾರದು ರೀ. ನಿಜ ಬರೆಯೋರಿಗೇನು, ಸಿಟ್ಟು ಬಂದ್ರೆ ಸಾಕು."

ಹೀಗೆ ಇಬ್ಬರೂ ನಮ್ಮ ನಮ್ಮ ದಾರಿಯಲ್ಲಿ ಸುಖವಾಗಿ ಜಗಳಾಡಿಕೊಂಡಿದ್ದೆವು, ಬಲ್ಬಿನ ಪ್ರಕರಣದವರೆಗೆ.

ನಮ್ಮ ಬೀದಿಯ ಮೂಲೆಯ ದೀಪ ಕೆಟ್ಟು ಎರಡು ತಿಂಗಳಾಗಿತ್ತು. ನಾನು ಬಿಡುವ ಆಸಾಮಿಯೇ? 'ಕತ್ತಲೆಯ ಕಾರುಬಾರು' ಎಂಬ ತಲೆಬರಹ ಕೊಟ್ಟು ಮೂರು ವಾರ ಒಂದೇ ಸಮನೆ ಬರೆದೆ. ಒಂದು ದೀಪ ಹಚ್ಚಲಾರದವರು ಊರನ್ನು ಹೇಗೆ ಆಳುತ್ತಾರೆ, ಇವರ ಮನೆಯ ಹೆಂಗಸರು ಕತ್ತಲಲ್ಲಿ ಎಡವಿ ಬಿದ್ದರೆ ಸುಮ್ಮನಿರುತ್ತಾರೆಯೇ, ಎಂದೆಲ್ಲ ಝಾಡಿಸಿದೆ. ಮೂರನೆಯ ವಾರದ ಒಂದು ಸಂಜೆ ಏಣಿ ಬಂತು, ದೀಪ ಹತ್ತಿತು. ಅದರ ಕೆಳಗೆ ಐದು ನಿಮಿಷ ಎದೆಯುಬ್ಬಿಸಿ ನಿಂತು, ಸುದ್ದಿ ಹೇಳಲು ಮನೆಗೆ ಓಡಿ ಬಂದರೆ, ಹೆಂಡತಿ ಪ್ಯಾಸೇಜಿನ ಕತ್ತಲಲ್ಲಿ ನೆಲದ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಮಗುಚಿದ ಸ್ಟೂಲು. ಎಡಗೈಯಲ್ಲಿ ಬಲಗೈಯನ್ನು ಎತ್ತಿ ಹಿಡಿದುಕೊಂಡಿದ್ದಳು, ಯಾರದೋ ಮಗುವನ್ನು ಹಿಡಿದ ಹಾಗೆ.

ಆ ಪ್ಯಾಸೇಜಿನ ಬಲ್ಬು ಹೋಗಿಯೂ ಎರಡು ತಿಂಗಳಾಗಿತ್ತು. 'ಈ ವಾರ ಹಾಕ್ತೀನಿ' ಎಂದು ನಾನು ಎಂಟು ವಾರ ಹೇಳಿದ್ದೆ. ಹೊಸ ಬಲ್ಬನ್ನು ತಂದು ಶೂ ಕಪಾಟಿನ ಮೇಲೆ ಇಟ್ಟೂ ಇದ್ದೆ. (ಅರ್ಧ ಕೆಲಸ ಮಾಡಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.)

ಆಸ್ಪತ್ರೆಯಲ್ಲಿ ಡಾಕ್ಟರು, "ಹೇಗೆ ಬಿದ್ರಿ?" ಎಂದು ಕೇಳಿದರು.

"ಕತ್ತಲೆಯ ಕಾರುಬಾರು ಡಾಕ್ಟ್ರೇ," ಎಂದಳು. ಅವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರು, ಆರು ವಾರ. ಬಲ್ಬನ್ನು ಮರುದಿನವೇ, ಅದೇ ಸ್ಟೂಲು ಹತ್ತಿ, ನನ್ನ ಕೈಯಾರೆ ನಾನೇ ಹಾಕಿದೆ. ಮಾಡಿದ್ದನ್ನು ಮಾಡಿದೆ ಎಂದು ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲವಾದ್ದರಿಂದ ಇದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಕಷ್ಟ ಇದ್ದದ್ದು ಏಳನೆಯ ಕಾದಂಬರಿಯಲ್ಲಿ. ಇನ್ನೂ ಹತ್ತು ಅಧ್ಯಾಯ ಬಾಕಿ. ಪ್ರಕಾಶಕರು ಫೋನು ಮಾಡಿ, ಮೊದಲು ಕೈಯನ್ನು ವಿಚಾರಿಸಿಕೊಂಡು, ಆಮೇಲೆ ಗಂಟಲು ಸರಿಮಾಡಿಕೊಂಡು, ಮುದ್ರಣ ಯಂತ್ರದ ದಿನ ಗೊತ್ತಾಗಿದೆ, ಅದು ತಪ್ಪಿದರೆ ಪುಸ್ತಕ ಮುಂದಿನ ವರ್ಷದ ಮಾತು ಎಂದರು. ಎರಡು ವರ್ಷ ಆ ಪುಸ್ತಕವನ್ನು ಹೊತ್ತು ತಿರುಗಿದವಳು ಅವಳು. ಫೋನು ಇಟ್ಟು ಫ್ರಿಜ್ಜಿನ ಮೇಲಿನ ನಕ್ಷೆಯನ್ನು ನೋಡುತ್ತ ನಿಂತಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ನೀನು ಹೇಳ್ತಾ ಹೋಗು. ನಾನು ಟೈಪ್ ಮಾಡ್ತೀನಿ," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಪುಸ್ತಕ ಒಂದನ್ನಾದ್ರೂ ಓದಿದೀರಾ?"

"ಹಿಂದಿನ ರಟ್ಟು ಓದಿದೀನಿ."

"ನೀವು ತಿದ್ದೋಕೆ ಹೋಗ್ತೀರಿ."

"ಮೊಳೆ ಜೋಡಿಸಿದ ಕೈ ಕಣೇ ಇದು. ಕತ್ತೆ ಅಂದ್ರೆ ಕತ್ತೆ."

"ಒಂದಕ್ಷರ?"

"ಒಂದಕ್ಷರ ಮುಟ್ಟೋಲ್ಲ."

"ಅಲ್ಪವಿರಾಮ?"

"ಅದನ್ನೂ ಇಲ್ಲ."

ಮಧ್ಯಾಹ್ನದ ಊಟವಾದ ಮೇಲೆ, ಎರಡರಿಂದ ನಾಲ್ಕು. ಅಡುಗೆಮನೆಯ ಮೇಜಿನ ಒಂದು ಕಡೆ ನಾನು ಮತ್ತು ಲ್ಯಾಪ್‌ಟಾಪು, ಇನ್ನೊಂದು ಕಡೆ ಬಟಾಣಿ ಸುಲಿಯುತ್ತ ಅತ್ತೆ. ಹೆಂಡತಿ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ಓಡಾಡುತ್ತ ಹೇಳುವಳು. ನಾನು ಕೀಲಿಮಣೆ ಕುಟ್ಟುವೆನು. ಮೊದಲ ಮೂರು ದಿನ ನನ್ನ ಸಾಮಾಜಿಕ ಪ್ರಜ್ಞೆಯೊಂದೇ ಅಡ್ಡ ಬಂದದ್ದು.

"ಅಲ್ವೇ, ಆ ಹಳ್ಳೀನ ಘಟಸರ್ಪ ಸುಟ್ಟುಹಾಕಿತಲ್ಲ, ಜನಕ್ಕೆ ಪರಿಹಾರ ಸಿಕ್ತಾ?"

"ಟೈಪ್ ಮಾಡಿ."

"ರಾಜನ ಮೇಲೆ ಒಬ್ರೂ ದೂರು ಕೊಡಲಿಲ್ವಾ?"

"ಸುಟ್ಟುಹೋಗಿದಾರೆ ರೀ. ಟೈಪ್ ಮಾಡಿ."

ನಾಲ್ಕನೆಯ ದಿನ ಅವನು ಬಂದ. ಹೆಂಡತಿ ಹೇಳುತ್ತ ಹೋದಳು: 'ನಗರದ ಹೆಬ್ಬಾಗಿಲಿನ ಗೋಪುರದಲ್ಲಿ ಉದ್ಘೋಷ ಎಂಬೊಬ್ಬನಿದ್ದ. ಬೆಳಗಾದರೆ ಗೋಪುರ ಹತ್ತಿ, ಏಳು ರಾಜ್ಯಗಳ ಅನ್ಯಾಯಗಳನ್ನೂ ಹೆಸರು ಹಿಡಿದು ಬೈಯುತ್ತಿದ್ದ.'

"ಒಳ್ಳೇ ಪಾತ್ರ ಕಣೇ," ಎಂದೆ. "ಕಡೆಗೂ ನಿನ್ನ ಪುಸ್ತಕಕ್ಕೆ ಒಬ್ಬ ಮನುಷ್ಯ ಬಂದ."

'ಬೈದು ಬಾಯಾರಿ ಕೆಳಗಿಳಿದು ನೀರು ಕುಡಿದು, ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದ. ಕಟ್ಟೆಯ ಮೇಲೆ ಆಗಲೇ ಒಂಬತ್ತು ಲೋಟಗಳಿದ್ದವು.'

ನಾನು ಕಿಟಕಿಯ ಕಡೆ ನೋಡಲಿಲ್ಲ. ಅತ್ತೆ ನೋಡಿದರು. ನೋಡಿ, ಬೆರಳಿನಿಂದ ಎಣಿಸಿದರು.

'ತನ್ನ ಘೋಷಣೆಯನ್ನು ಮನೆಯವರಿಗೆ ಮೂರು ಸಲ ಓದಿ ಹೇಳಿ, ಹೇಗಿದೆ ಎಂದು ಕೇಳಿ, ಅವರು ಬಾಯಿ ತೆರೆಯುವ ಮೊದಲೇ, ನನಗೂ ಹಾಗೇ ಅನ್ನಿಸಿತು ಎನ್ನುತ್ತಿದ್ದ.'

ನನ್ನ ಬೆರಳುಗಳು ನಿಂತವು. "ಇದು ಯಾರು?"

"ಯಾರೂ ಅಲ್ಲ. ಕಲ್ಪನೆ."

"ಕಲ್ಪನೆಗೆ ನನ್ನ ಲೋಟ ಯಾಕೆ ಬೇಕಾಯ್ತು?"

ಅತ್ತೆ ಬಟಾಣಿಯ ಸಿಪ್ಪೆಯನ್ನು ಬದಿಗೆ ತಳ್ಳಿದರು. "ಲೋಟ ತೊಳೆಯದ ಗಂಡಸರು ಲೋಕದ ತುಂಬ ಇದಾರೆ ಅಳಿಯಂದ್ರೇ. ಅವರೆಲ್ಲ ತೆಪ್ಪಗಿರುವಾಗ ನೀವ್ಯಾಕೆ ಕೈ ಎತ್ತಿ ಮುಂದೆ ಬರ್ತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಾದೆಗೆ ನಾನೇ ಜೀವಂತ ಉದಾಹರಣೆಯಾಗಬಾರದೆಂದು ಬಾಯಿ ಮುಚ್ಚಿ ಕುಟ್ಟಿದೆ. ಇನ್ನೂ ಹತ್ತು ದಿನ ಕುಟ್ಟಿದೆ. ಉದ್ಘೋಷ ದೂರದ ರಾಜ್ಯದ ಸೇತುವೆ ಬಿದ್ದದ್ದಕ್ಕೆ ಉಪವಾಸ ಕೂತ. ಅವನ ಮನೆಯ ಮೆಟ್ಟಿಲು ಮುರಿದದ್ದನ್ನು ಹೆಂಡತಿ ರಿಪೇರಿ ಮಾಡಿಸಿದಳು. ನಾನು ಹಲ್ಲು ಕಚ್ಚಿಕೊಂಡು, ಒಂದು ಅಲ್ಪವಿರಾಮವನ್ನೂ ಮುಟ್ಟದೆ, ಕತ್ತೆಯನ್ನು ಕತ್ತೆಯಾಗಿಯೇ ಜೋಡಿಸಿದೆ. ಮೇಸ್ತ್ರಿ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಆಮೇಲೆ ಬಂತು ಮೂವತ್ತೇಳನೆಯ ಅಧ್ಯಾಯ. ಘಟಸರ್ಪ ನಗರಕ್ಕೆ ಇಳಿಯಿತು. ಸೇನಾಪತಿಯನ್ನು ನುಂಗಿತು. ಲಂಚಕೋರ ಮಂತ್ರಿಯನ್ನು ನುಂಗಿತು. ಆಸ್ಥಾನದ ಕವಿಯನ್ನು ನುಂಗಿ, ಸ್ವಲ್ಪ ತಡೆದು, ಅವನ ಅಣ್ಣನನ್ನೂ ನುಂಗಿತು. ಕಡೆಗೆ ಗೋಪುರದ ಹತ್ತಿರ ಬಂತು. ಸಾಯಲು ನಾನು ಸಿದ್ಧನಿದ್ದೆ. ಹುತಾತ್ಮನ ಸಾವು ಎಂದರೆ ಸಣ್ಣ ಮಾತಲ್ಲ, ಒಂದೆರಡು ಪುಟವಾದರೂ ಸಿಗುತ್ತದೆ.

'ಘಟಸರ್ಪ ಉದ್ಘೋಷನನ್ನು ಮೂಸಿತು. ಇನ್ನೊಮ್ಮೆ ಮೂಸಿತು. ಮುಖ ತಿರುಗಿಸಿ ಮುಂದಕ್ಕೆ ಹೋಯಿತು.'

"ಆಮೇಲೆ?"

"ಅಷ್ಟೇ. ಅಧ್ಯಾಯ ಮುಗೀತು."

"ನುಂಗೋದೂ ಇಲ್ವಾ?"

"ಇಲ್ಲ."

"ಲಂಚ ತಿಂದ ಮಂತ್ರಿ ಅದಕ್ಕೆ ಆಗ್ತಾನೆ, ಉದ್ಘೋಷ ಆಗಲ್ವಾ?"

"ಎಷ್ಟೇ ಹಸಿವಿದ್ರೂ ಅದಕ್ಕೂ ನಾಲಗೆ ಅಂತ ಒಂದು ಇರುತ್ತಲ್ಲ ರೀ."

"ಹಸಿ ಸಿಟ್ಟು ಬೇಗ ಅರಗಲ್ಲ," ಎಂದರು ಅತ್ತೆ, ಅನುಭವಸ್ಥರ ಧಾಟಿಯಲ್ಲಿ.

ಮರುದಿನ ಮಧ್ಯಾಹ್ನ ಪ್ಲಾಸ್ಟರು ತೋರಿಸಲು ತಾಯಿ ಮಗಳು ಆಸ್ಪತ್ರೆಗೆ ಹೊರಟರು. "ಮೂವತ್ತೇಳು ಮುಗಿದಿದೆ. ಐದು ಗಂಟೆ ಒಳಗೆ ಪ್ರಕಾಶಕರಿಗೆ ಕಳಿಸಿಬಿಡಿ," ಎಂದು ಹೇಳಿ ಹೆಂಡತಿ ಹೋದಳು. ನಾನು ಮೊದಲು ನನ್ನ ಆ ವಾರದ ಅಂಕಣ ಮುಗಿಸಿದೆ. ದಾಖಲೆ ಕಚೇರಿಯ ಗುಮಾಸ್ತನೊಬ್ಬ ಒಬ್ಬ ವಿಧವೆಯ ಮನೆಯ ಕಡತದಿಂದ ಒಂದು ಪುಟ ಕಿತ್ತು, ಬೇರೆ ಪುಟ ಸೇರಿಸಿದ್ದ. ನನ್ನ ರಕ್ತ ಕುದಿಯುತ್ತಿತ್ತು. 'ಪುಟ ಬದಲಿಸಿದ ಕೈ' ಎಂದು ತಲೆಬರಹ ಕೊಟ್ಟು, 'ನಂಬಿ ಒಪ್ಪಿಸಿದ ಕಾಗದಕ್ಕೆ ದ್ರೋಹ ಬಗೆದ ಈ ಕೈ ಯಾರದೆಂದು, ಆ ಕೈಯೇ ಊರಿನ ಮುಂದೆ ಎತ್ತಿ ತೋರಿಸಲಿ' ಎಂದು ಮುಗಿಸಿದೆ. ಕಾಫಿ ಕುಡಿದು, ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಹೆಂಡತಿಯ ಮೂವತ್ತೇಳನೆಯ ಅಧ್ಯಾಯವನ್ನು ತೆರೆದೆ.

ತಿದ್ದಬೇಕೆಂದು ತೆರೆಯಲಿಲ್ಲ. ಕಾಗುಣಿತ ನೋಡಲೆಂದು ತೆರೆದೆ. (ಆ ಗುಮಾಸ್ತನೂ ಹೀಗೆಯೇ ಹೇಳಿದ್ದಾನಂತೆ.)

ಮೊದಲು 'ಮುಖ ತಿರುಗಿಸಿ' ಎಂಬುದನ್ನು ತೆಗೆದೆ. ಒಂದು ಪ್ರಾಣಿಗೆ ಅಷ್ಟು ದುರಹಂಕಾರ ಸಲ್ಲದು. ಆಮೇಲೆ, ಗೋಪುರದ ಮೇಲೆ ಅಷ್ಟು ಎತ್ತರದಲ್ಲಿ ನಿಂತವನು ಒಂದು ಮಾತೂ ಆಡದೆ ಮೂಸಿಸಿಕೊಂಡು ನಿಲ್ಲುವುದು ಸಹಜವಲ್ಲ ಎನ್ನಿಸಿ, ಎರಡು ವಾಕ್ಯ ಆಡಿಸಿದೆ. ಎರಡು ವಾಕ್ಯದಲ್ಲಿ ಏಳು ರಾಜ್ಯಗಳ ಅನ್ಯಾಯ ಹಿಡಿಸುತ್ತದೆಯೇ? ನಾಲ್ಕು ಗಂಟೆಗೆ ನಾಲ್ಕು ಪುಟವಾಗಿತ್ತು. 'ಮಹಾಜನರೇ, ಕಿವಿ ಇದ್ದರೆ ಕೇಳಿ, ಇಲ್ಲದಿದ್ದರೆ ಬಾಡಿಗೆಗೆ ತನ್ನಿ' ಎಂದು ಶುರುವಾಗಿ (ಇದು ನನ್ನ ಅಂಕಣದ ಹದಿನಾಲ್ಕು ವರ್ಷದ ಪಲ್ಲವಿ), ತೂಕದ ಕಲ್ಲಿನಿಂದ ಹಿಡಿದು ಸಿಂಹಾಸನದವರೆಗೆ ಸಕಲ ಮೋಸವನ್ನೂ ಜಾಲಾಡಿತು. ಕೊನೆಗೆ ಘಟಸರ್ಪದ ಕಣ್ಣಲ್ಲಿ ನೀರು ಬಂತು. ಆ ನೀರಿಗೆ ಬಾಯೊಳಗಿನ ಬೆಂಕಿ ಆರಿತು. ಅದು ಉದ್ಘೋಷನ ಪಾದದ ಬಳಿ ತಲೆ ಬಾಗಿಸಿ, ನುಂಗಿದ್ದಕ್ಕೆ ಪಶ್ಚಾತ್ತಾಪ ಪಟ್ಟು, ಹಿಮಪರ್ವತಕ್ಕೆ ಹಿಂತಿರುಗಿತು.

ಓದಿ ನನ್ನ ಕಣ್ಣೂ ಒದ್ದೆಯಾಯಿತು. ಕಳಿಸಿಬಿಟ್ಟೆ.

ಸಂಜೆ ಅವಳು ಬಂದು, "ಕಳಿಸಿದ್ರಾ?" ಎಂದಳು. "ಕಳಿಸಿದೆ." "ಇದ್ದ ಹಾಗೇನಾ?" "ಹಾಗೇ." ಇಷ್ಟು ಸಣ್ಣ ಸುಳ್ಳಿಗೆ ಮೂರು ಚಂದ್ರ ಬೇಕಾಗುವುದಿಲ್ಲ ಎಂದು ಆ ಹೊತ್ತು ಕಲಿತೆ.

ಮೂರು ವಾರಕ್ಕೆ ಕರಡಚ್ಚು ಬಂತು. ಅವಳು ಎಡಗೈಯಲ್ಲಿ ಪೆನ್ಸಿಲು ಹಿಡಿದು ಮೇಜಿನ ಮುಂದೆ ಕುಳಿತಳು. ನಾನು ಎದುರಿಗೆ ಪತ್ರಿಕೆ ಹಿಡಿದು ಕುಳಿತೆ. (ತಲೆಕೆಳಗಾಗಿ ಹಿಡಿದಿದ್ದೆ. ಅದು ನನಗೆ ತೊಂದರೆಯಲ್ಲ, ಆದರೆ ಅತ್ತೆ ಗಮನಿಸಿದರು.) ಮೂವತ್ತೇಳನೆಯ ಅಧ್ಯಾಯ ಬಂತು. ಒಂದು ಪುಟ ತಿರುಗಿತು. ಎರಡು. ಪೆನ್ಸಿಲು ಮೇಲೆದ್ದು ಗಾಳಿಯಲ್ಲೇ ನಿಂತಿತು. ಮೂರು. ನಾಲ್ಕು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ಕಿಟಕಿಯ ಕಟ್ಟೆಯನ್ನು ನೋಡಿದಳು, ಮತ್ತೆ ತಲೆ ತಗ್ಗಿಸಿ, ಒಂದನೆಯ ತರಗತಿಯ ಮಗುವಿನ ಹಾಗೆ ನಾಲಗೆ ಕಚ್ಚಿಕೊಂಡು, ಎಡಗೈಯಲ್ಲಿ ಅಂಚಿನಲ್ಲಿ ಒಂದು ಸಾಲು ಬರೆದು, ಪುಟ ಮಗುಚಿದಳು.

"ಹೇಗಿದೆ?" ಎಂದೆ.

"ಚೆನ್ನಾಗಿದೆ."

"ನನಗೂ ಹಾ..." ಎಂದವನು ಉಳಿದದ್ದನ್ನು ನುಂಗಿದೆ.

ಅವಳಿಗೆ ಗೊತ್ತಾಗಿಲ್ಲ ಎಂದುಕೊಂಡೆ. ಆಮೇಲೆ ಇನ್ನೂ ಮುಂದೆ ಹೋಗಿ, ಗೊತ್ತಾಗಿದೆ, ಆದರೆ ನನ್ನ ಬರಹಕ್ಕೆ ಮನಸೋತು ಹಾಗೇ ಬಿಟ್ಟಿದ್ದಾಳೆ ಎಂದುಕೊಂಡೆ. ಮನುಷ್ಯನ ಮನಸ್ಸಿಗಿಂತ ದೊಡ್ಡ ಅದ್ಭುತ ಕಾದಂಬರಿ ಇನ್ನೊಂದಿಲ್ಲ. ಮೂರು ವಾರ ನಾನು ಬೀದಿಯ ದೀಪದ ಕೆಳಗೆ ನಡೆಯುವಾಗಲೆಲ್ಲ ಘಟಸರ್ಪವೊಂದು ಹಿಂದಿನಿಂದ ತಲೆ ಬಾಗಿಸಿ ಬರುತ್ತಿದ್ದಂತೆ ಭಾಸವಾಗುತ್ತಿತ್ತು.

ಪುಸ್ತಕ ಬಂತು. ಅವಳ ಪ್ಲಾಸ್ಟರೂ ಬಿಚ್ಚಿತ್ತು. ಹತ್ತನೆಯ ದಿನ ಪ್ರಕಾಶಕರ ಫೋನು. ಅವಳು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಮೇಡಂ, ಉದ್ಘೋಷನ ಭಾಷಣಕ್ಕೆ ಜನ ಹುಚ್ಚಾಗಿದಾರೆ. ನಮ್ಮ ಮುದ್ರಣದವರು ಮಷೀನ್ ನಿಲ್ಲಿಸಿ ಓದಿದ್ರಂತೆ."

ನಾನು ಕುರ್ಚಿಯಲ್ಲಿ ನೆಟ್ಟಗಾದೆ.

"ನಕ್ಕು ನಕ್ಕು ಒಬ್ಬನಿಗೆ ಬಿಕ್ಕಳಿಕೆ ನಿಲ್ಲಲಿಲ್ಲ ಮೇಡಂ. ಇಂಥ ಪೆದ್ದನ್ನ ಎಲ್ಲಿಂದ ಹಿಡ್ಕೊಂಡು ಬಂದ್ರಿ?"

"ಕಲ್ಪನೆ," ಎಂದಳು ಹೆಂಡತಿ.

ನಾನು ಎದ್ದು ಹೋಗಿ ಪುಸ್ತಕ ತೆಗೆದೆ. ನನ್ನ ನಾಲ್ಕು ಪುಟಗಳು ಒಂದು ಅಕ್ಷರವೂ ಆಚೀಚೆಯಾಗದೆ ಹಾಗೆಯೇ ಇದ್ದವು. ಕಣ್ಣೀರಿತ್ತು, ಆರಿದ ಬೆಂಕಿ ಇತ್ತು, ಬಾಗಿದ ತಲೆ ಇತ್ತು. ಅವೆಲ್ಲದರ ಕೆಳಗೆ, ಎಡಗೈಯಲ್ಲಿ ಬರೆದ ಆ ಒಂದು ಸಾಲು:

'ಉದ್ಘೋಷ ಅಂದು ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದು ಹೀಗೆ; ಘಟಸರ್ಪ ಮಾತ್ರ ಎರಡನೆಯ ವಾಕ್ಯಕ್ಕೇ ನಿದ್ದೆ ಹೋಗಿತ್ತು.'

'ಆನೆ ಹೋದ ದಾರಿಯಲ್ಲಿ ಒಂದು ಇರುವೆ' ಎಂದು ಮೊಳೆ ಜೋಡಿಸುವ ಕಾಲದಲ್ಲಿ ನಾನು ಅಲ್ಪವಿರಾಮವನ್ನು ಹಾಸ್ಯ ಮಾಡುತ್ತಿದ್ದೆ. ಒಂದು ಸಾಲಿನ ಇರುವೆ ನನ್ನ ನಾಲ್ಕು ಪುಟದ ಆನೆಯನ್ನು ಅಂಗಾತ ಕೆಡವಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಮನೆಯೊಳಗಿನ ಮಾತಾಗಿ ಉಳಿಯುತ್ತಿತ್ತು. ಎರಡು ವಾರ ಬಿಟ್ಟು ನನ್ನ ವಾರಪತ್ರಿಕೆಯ ಸಂಪಾದಕರು ಫೋನು ಮಾಡಿದರು.

"ನಿಮ್ಮ ಅಂಕಣಕ್ಕೆ ಇಪ್ಪತ್ತಮೂರು ಪತ್ರ ಬಂದಿವೆ."

ಹದಿನಾಲ್ಕು ವರ್ಷದಲ್ಲಿ ಒಟ್ಟು ಬಂದದ್ದು ಹನ್ನೊಂದು. ಎದ್ದು ನಿಂತು ಕೇಳಿದೆ. "ಏನಂತೆ?"

"ನೀವು ನಿಮ್ಮ ಹೆಂಡತಿಯವರ ಉದ್ಘೋಷನನ್ನ ಕದೀತಿದೀರಂತೆ. 'ಕಿವಿ ಇದ್ದರೆ ಕೇಳಿ, ಇಲ್ಲದಿದ್ದರೆ ಬಾಡಿಗೆಗೆ ತನ್ನಿ' ಅನ್ನೋದು ಅವನ ಮಾತಂತೆ."

"ಸ್ವಾಮಿ, ಅದನ್ನ ನಾನು ಹದಿನಾಲ್ಕು ವರ್ಷದಿಂದ ಬರೀತಿದೀನಿ."

"ನನಗೆ ಗೊತ್ತು. ಆದ್ರೆ ಸಾಕ್ಷಿ ಹೇಳೋಕೆ ಓದಿದೋರು ಯಾರಾದ್ರೂ ಬೇಕಲ್ಲ. ಶುಕ್ರವಾರದೊಳಗೆ ಒಂದು ವಿವರಣೆ ಬರೀರಿ. ಇಲ್ಲಾಂದ್ರೆ ಅಂಕಣ ನಿಲ್ಲಿಸಬೇಕಾಗುತ್ತೆ. ಕದ್ದ ಮಾಲು ಹಾಕ್ತಾರೆ ಅನ್ನೋ ಹೆಸರು ನಮಗೆ ಬೇಡ."

ಓದುಗರೇ, ನನ್ನ ಸ್ಥಿತಿ ನೋಡಿ. ಸುಮ್ಮನಿದ್ದರೆ ನಾನು ಕಳ್ಳ, ಅಂಕಣ ಹೋಯಿತು. ಆ ಮಾತು ನನ್ನದೇ ಎಂದು ಸಾಧಿಸಬೇಕಾದರೆ, ಅದು ಅವಳ ಪುಸ್ತಕದೊಳಗೆ ಹೇಗೆ ಹೋಯಿತೆಂದು ಹೇಳಬೇಕು. ನಂಬಿ ಒಪ್ಪಿಸಿದ ಕಾಗದ, ಬದಲಿಸಿದ ಪುಟ, ಎಲ್ಲ. ಉಳಿದದ್ದು ಒಂದೇ ಹಾದಿ. ಅಡುಗೆಮನೆಗೆ ಹೋದೆ. ಹೆಂಡತಿ ನಕ್ಷೆಯ ಮೇಲೆ ಎಂಟನೆಯ ರಾಜ್ಯ ಬರೆಯುತ್ತಿದ್ದಳು. ಬಲಗೈ ಇನ್ನೂ ಪೂರ್ತಿ ಬಗ್ಗುತ್ತಿರಲಿಲ್ಲ.

"ಉದ್ಘೋಷನನ್ನ ನನ್ನ ಅಂಕಣ ನೋಡಿ ಬರೆದೆ ಅಂತ ನೀನು ಒಂದು ಮಾತು ಹೇಳಿದ್ರೆ..."

"ನಾನು ಬರೆದಿಲ್ಲವಲ್ಲ ರೀ, ಆ ಭಾಷಣ."

"ನಿನಗೆ... ಗೊತ್ತಾ?"

"ಮೊದಲನೇ ಪದದಿಂದ. ಎದುರಿಗೆ ಇರೋದು ಒಂದೇ ಒಂದು ಘಟಸರ್ಪ. ಅದನ್ನ 'ಮಹಾಜನರೇ' ಅಂತ ಕರೆಯೋರು ಈ ಊರಲ್ಲಿ ಒಬ್ರೇ."

"ಮತ್ತೆ ಯಾಕೆ ಹೊಡೆದು ಹಾಕಲಿಲ್ಲ?"

"ಹೊಡೆದು ಹಾಕೋಣ ಅಂತಲೇ ಪೆನ್ಸಿಲು ಎತ್ತಿದೆ. ಓದ್ತಾ ಓದ್ತಾ ನಗು ಬಂತು. ಕೈ ಮುರಿದ ಮೇಲೆ ಮೊದಲನೇ ಸಲ." ಅವಳು ಪೆನ್ಸಿಲನ್ನು ಕೆಳಗಿಟ್ಟಳು. ಮುಖದಲ್ಲಿ ಈಗ ನಗು ಇರಲಿಲ್ಲ. "ಆದ್ರೆ ಒಂದು ಕೇಳ್ತೀನಿ. ನನ್ನ ಕೈ ಮುರಿದಿತ್ತು. ನಿಮ್ಮ ಕೈ ನನ್ನ ಕೈ ಅಂದುಕೊಂಡು ಹೇಳಿದೆ. ಅದು ನಿಮ್ಮದೇ ಅಂತ ಮೊದಲೇ ಹೇಳಿದ್ರೆ ಎಡಗೈಯಲ್ಲೇ ಬರ್ಕೋತಿದ್ದೆನಲ್ಲ."

ಆಗ ಅತ್ತೆ ಎದ್ದು, ಕಪಾಟು ತೆರೆದು, ಎಣ್ಣೆ ಡಬ್ಬ ಎತ್ತಿ, ಅದರ ಕೆಳಗಿನ ಕಾಗದವನ್ನು ಎಳೆದು ತಂದು ಮೇಜಿನ ಮೇಲೆ ಹರಡಿದರು. ಡಬ್ಬದ ಗುಂಡನೆಯ ಎಣ್ಣೆ ಕಲೆಯ ನಡುವೆ ಓದಲು ಬರುತ್ತಿದ್ದದ್ದು ಕೊನೆಯ ಸಾಲು ಮಾತ್ರ. ಅದನ್ನು ಗಟ್ಟಿಯಾಗಿ ಓದಿದರು.

"'ಈ ಕೈ ಯಾರದೆಂದು, ಆ ಕೈಯೇ ಊರಿನ ಮುಂದೆ ಎತ್ತಿ ತೋರಿಸಲಿ.' ಚೆನ್ನಾಗಿ ಬರೆದಿದೀರಿ ಅಳಿಯಂದ್ರೇ."

ನನ್ನ ಅಂಕಣವನ್ನು ಅತ್ತೆ ಹೊಗಳಿದ್ದು ಅದೊಂದೇ ಸಲ.

ಹಾಗಾಗಿ ಇದೋ, ಎತ್ತಿದ್ದೇನೆ. ನೀವು ಓದುತ್ತಿರುವ ಇದೇ ಆ ವಿವರಣೆ. ಪುಟ ಬದಲಿಸಿದ ಕೈ ನನ್ನದು. ಗುಮಾಸ್ತನಿಗೂ ನನಗೂ ಇರುವ ವ್ಯತ್ಯಾಸ ಇಷ್ಟೇ, ಅವನು ಸಿಕ್ಕಿಬಿದ್ದಾಗ ಯಾರೂ ನಗಲಿಲ್ಲ. ಕತ್ತೆಯನ್ನು ಕುದುರೆ ಮಾಡಲು ಹೋದೆ. ಅದು ಕತ್ತೆಯೇ ಎಂದು ಊರಿಗೆಲ್ಲ ಗೊತ್ತಾಯಿತು. ಹೆಂಡತಿ ಕ್ಷಮಿಸಿದ್ದಾಳೋ ಇಲ್ಲವೋ ಕೇಳುವ ಧೈರ್ಯ ಬಂದಿಲ್ಲ. ಒಂದು ಶಿಕ್ಷೆಯನ್ನಂತೂ ವಿಧಿಸಿದ್ದಾಳೆ. ಎಂಟನೆಯ ಕಾದಂಬರಿಯಲ್ಲಿ ಉದ್ಘೋಷ ಮತ್ತೆ ಬರುತ್ತಾನೆ, ಭಾಷಣಗಳನ್ನೆಲ್ಲ ನಾನೇ ಬರೆದುಕೊಡಬೇಕು.

"ನಗಿಸೋಕೆ ಮಾತ್ರ ಪ್ರಯತ್ನ ಪಡಬೇಡಿ," ಎಂದಿದ್ದಾಳೆ. "ಮನಸಾರೆ ಸಿಟ್ಟು ಮಾಡ್ಕೊಂಡು ಬರೀರಿ. ಉಳಿದದ್ದು ನಾನು ನೋಡ್ಕೋತೀನಿ."

ಈ ತಪ್ಪೊಪ್ಪಿಗೆಯನ್ನು ಕಾಗದದ ಮೇಲೆ ಕೈಯಲ್ಲಿ ಬರೆದಿದ್ದೇನೆ. ಟೈಪ್ ಮಾಡಿ ಸಂಪಾದಕರಿಗೆ ತಾನೇ ಕಳಿಸುವುದಾಗಿ ಹೆಂಡತಿ ಹೇಳಿದಳು. ಕೈಗೆ ಅಭ್ಯಾಸವಾಗಬೇಕೆಂದು ಡಾಕ್ಟರು ಹೇಳಿದ್ದಾರಂತೆ. ಒಂದಕ್ಷರವನ್ನೂ ಮುಟ್ಟುವುದಿಲ್ಲ, ಅಲ್ಪವಿರಾಮವನ್ನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ನಂಬಿ ಒಪ್ಪಿಸಿದ್ದೇನೆ. ಕಳಿಸುವ ಮೊದಲು ಮತ್ತೆ ಓದಿ ನೋಡುವುದಿಲ್ಲ. ನಂಬಿಕೆ ಎಂದರೇನೆಂದು ನಾನೂ ಕಲಿಯಬೇಕಲ್ಲ.

ಉದ್ಘೋಷ ಊರಿಗೆ ಹೇಳಿದ್ದು ಹೀಗೆ. ಪ್ಯಾಸೇಜಿನ ಬಲ್ಬು ಹಾಕಿದ್ದು ಮಾತ್ರ ಅವನ ಅತ್ತೆ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಅದೇ ಸ್ಟೂಲು ಹತ್ತಿ, ಅವನು ಒಳಗೆ ಅಂಕಣ ಬರೆಯುತ್ತಿದ್ದಾಗ.